ಮೈಸೂರು ಸೀಮೆಯ ಸಂತಾನ ನಿಯಂತ್ರಣದ ಕಥೆ: ಹೇಳಿದ್ದು, ಹೇಳದೆ ಬಿಟ್ಟದ್ದು

ಕಳೆದ ದೀಪಾವಳಿಯ ಮರುವಾರ ತೋಟ ನೋಡಿಕೊಂಡು ಬರಲು ಹಂದನಕೆರೆಗೆ ಹೋಗಿದ್ದೆ. ದಾರಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಡು, ಕಾಫಿ ಕುಡಿಯದೆ ಹೋಗಕೂಡದೆಂದು ಮನೆಗೆ ಕರೆದೊಯ್ದಳು. 1990ರ ದಶಕದ ಆರಂಭದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದವಳು. ಈಗ ಅವಳ ಮಗಳಿಗೇ ಮದುವೆಯಾಗಿ ಒಂದು ಮಗುವಿದೆ. ಅವಳ ಗಂಡನೂ ನನ್ನ ವಿದ್ಯಾರ್ಥಿಯೇ. ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಸುಲಿದು ಒಡೆಯುವ ಕೆಲಸ ನಡೆದಿತ್ತು. ಕಾಫಿ ಲೋಟ ಕೈಗಿತ್ತು ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಸಾರ್, ಮಗಳು ನಾಲ್ಕು ವರ್ಷದಿಂದ ಮಾತ್ರೆ ತಗೊಳ್ತಿದ್ದಾಳೆ. ಬಹಳ ದಿನ ತಗೊಂಡ್ರೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರುತ್ತೆ ಅಂತ ಮೊಬೈಲಲ್ಲಿ ಬಂದಿದೆ. ಅಳಿಯಂದಿರು ಇವತ್ತೇ ನಿಲ್ಲಿಸು ಅಂತಿದ್ದಾರಂತೆ. ನಿಜವಾ ಸಾರ್?"

ಬಾಗಿಲಲ್ಲಿ ನಿಂತಿದ್ದ ಅವಳ ಗಂಡ, ಮಾತು ಯಾವ ಕಡೆಗೆ ತಿರುಗಿತೆಂದು ತಿಳಿದೊಡನೆ, ಕಾಯಿ ಎಣಿಸುವವನಂತೆ ಅಂಗಳಕ್ಕೆ ಇಳಿದುಬಿಟ್ಟ. ನಾನೂ ಅವನಿಗಿಂತ ದೊಡ್ಡ ಧೈರ್ಯವನ್ನೇನೂ ತೋರಲಿಲ್ಲ. "ಡಾಕ್ಟರನ್ನು ಕೇಳಬೇಕಮ್ಮ" ಎಂದು ಹೇಳಿ ಕಾಫಿ ಮುಗಿಸಿ ಎದ್ದೆ.

ಬಸ್ಸಿನಲ್ಲಿ ಕುಳಿತಾಗ ನಾಚಿಕೆಯಾಯಿತು. ಮೂವತ್ತೈದು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. 'ಜನಸಂಖ್ಯಾ ಸ್ಫೋಟ'ದ ಪಾಠವನ್ನು ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು, ಅಂಕಿಗಳನ್ನು ಕಂಠಪಾಠ ಮಾಡಿಸಿ, ಉತ್ಸಾಹದಿಂದ ಹೇಳಿದ್ದೇನೆ. ಜೀವಶಾಸ್ತ್ರದ ಹುದ್ದೆ ಖಾಲಿಯಿದ್ದ ಎರಡು ವರ್ಷ ಆ ವಿಷಯವೂ ನನ್ನ ಪಾಲಿಗೆ ಬಂದಿತ್ತು. ಆಗ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ, "ಇದನ್ನು ಮನೆಯಲ್ಲಿ ಓದಿಕೊಳ್ಳಿ, ಪರೀಕ್ಷೆಗೆ ಅಷ್ಟು ಮುಖ್ಯವಲ್ಲ" ಎಂದು ಪುಟ ಮಗುಚಿದೆ. ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಅದು ನೆನಪಿರಬಹುದು. ದೇಶದ ಜನಸಂಖ್ಯೆಯನ್ನು ನಿಮಗೆ ಕಲಿಸಿದೆ. ನಿಮ್ಮ ದೇಹವನ್ನು ಕಲಿಸಲಿಲ್ಲ.

ಆ ವಿದ್ಯಾರ್ಥಿನಿಯ ಪ್ರಶ್ನೆ ನನ್ನನ್ನು ಬಿಡದಿರಲು ಇನ್ನೊಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಇತಿಹಾಸ, ಏಕೆಂದರೆ ಈ ಕಥೆ ನಮ್ಮ ಮೈಸೂರು ಸೀಮೆಗೆ ಹೊಸದಲ್ಲ.

ಸಂತಾನ ನಿಯಂತ್ರಣವೆಂಬ ಮಾತನ್ನು ಎತ್ತಿದವರನ್ನು ಜಗತ್ತು ಕಂಡ ಬಗೆ ಹೇಗಿತ್ತೆಂದು ನೋಡಿ. 1916ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಮಾರ್ಗರೆಟ್ ಸ್ಯಾಂಗರ್ ಎಂಬ ದಾದಿ ಇದಕ್ಕಾಗಿ ಒಂದು ಚಿಕಿತ್ಸಾಲಯ ತೆರೆದಾಗ ಕೆಲವೇ ದಿನಗಳಲ್ಲಿ ಪೊಲೀಸರು ಬಂದು ಮುಚ್ಚಿಸಿದರು. ಆಕೆ ಸೆರೆಮನೆಗೆ ಹೋದರು. 1921ರಲ್ಲಿ ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್, ಅದೇ ವರ್ಷ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಇಂಥ ಕೇಂದ್ರಗಳನ್ನು ಆರಂಭಿಸಿದರು. ಕರ್ವೆಯವರು ಮಹರ್ಷಿ ಕರ್ವೆಯವರ ಮಗ, ಗಣಿತದ ಅಧ್ಯಾಪಕರು. ಈ ಕೆಲಸಕ್ಕಾಗಿ ಅವರು ಕಾಲೇಜಿನ ನೌಕರಿಯನ್ನೇ ಬಿಡಬೇಕಾಯಿತು. ಇವರೆಲ್ಲ ಒಂಟಿಯಾಗಿ ಹೋರಾಡಿದ ವ್ಯಕ್ತಿಗಳು. ಸರ್ಕಾರಗಳು ಒಂದೋ ಅಡ್ಡಗಟ್ಟುತ್ತಿದ್ದವು, ಇಲ್ಲವೇ ಕಂಡೂ ಕಾಣದಂತಿದ್ದವು.

ಅಂಥ ಕಾಲದಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ದಿವಾನರು ಮಿರ್ಜಾ ಇಸ್ಮಾಯಿಲ್. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಚಿಕಿತ್ಸಾಲಯ ನಡೆಸಿದ್ದು ಜಗತ್ತಿನಲ್ಲಿ ಅದೇ ಮೊದಲೆಂದು ಈ ವಿಷಯದ ಇತಿಹಾಸ ಬರೆದವರು ಗುರುತಿಸುತ್ತಾರೆ. 1931ರ ಜನಗಣತಿಯ ಪ್ರಕಾರ ಇಡೀ ಸಂಸ್ಥಾನದ ಜನಸಂಖ್ಯೆ ಸುಮಾರು 65 ಲಕ್ಷ. ವಿದ್ಯುತ್ತು, ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಸಾಲಿನಲ್ಲಿ ಈ ಹೆಗ್ಗಳಿಕೆಯನ್ನು ನಮ್ಮ ಪಠ್ಯಪುಸ್ತಕಗಳು ಎಂದೂ ಸೇರಿಸಲಿಲ್ಲ. ನಾನೂ ಇದನ್ನು ನಿವೃತ್ತನಾದ ಮೇಲೆಯೇ ಓದಿ ತಿಳಿದದ್ದು.

ಆದರೆ ಆದೇಶ ಬೇರೆ, ಹಳ್ಳಿಯ ಮನೆ ಬೇರೆ. ನಮ್ಮ ಹೋಬಳಿಯ ಹೆಂಗಸೊಬ್ಬಳು ಆ ದಿನಗಳಲ್ಲಿ ದೊಡ್ಡ ಆಸ್ಪತ್ರೆ ಕಾಣಬೇಕಾದರೆ ತಿಪಟೂರಿನವರೆಗೆ ಎತ್ತಿನಗಾಡಿ, ಅಲ್ಲಿಂದ ರೈಲು. ಮಗುವಿಗೆ ಕಾಯಿಲೆಯಾದರೂ ಅಷ್ಟು ದೂರ ಹೋಗದವರು, 'ಮಗು ಬೇಡ' ಎಂಬ ಮಾತಿಗಾಗಿ ಹೋಗುವುದುಂಟೆ? 1932ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ಮಾಡಿತು. 1935ರ ಡಿಸೆಂಬರಿನಲ್ಲಿ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ದೀರ್ಘವಾಗಿ ಚರ್ಚಿಸಿದರು. ಗಾಂಧೀಜಿ ಸಂಯಮವೊಂದೇ ದಾರಿಯೆಂದರು, ಆಕೆ ಒಪ್ಪಲಿಲ್ಲ. ಈ ದೊಡ್ಡವರ ವಾದವಿವಾದಗಳ ಸದ್ದು ನಮ್ಮ ತೆಂಗಿನ ತೋಟಗಳವರೆಗೆ ಬರಲೇ ಇಲ್ಲ. ನನ್ನ ಅಜ್ಜಿ ಹನ್ನೊಂದು ಹೆತ್ತು ಐದನ್ನು ಉಳಿಸಿಕೊಂಡವಳು. ಅವಳ ಪಾಲಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಸ್ವಾತಂತ್ರ್ಯದ ನಂತರ, 1952ರಲ್ಲಿ, ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಇದರಲ್ಲೂ ನಮ್ಮ ದೇಶವೇ ಜಗತ್ತಿಗೆ ಮೊದಲು. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಸಾಧನ, ಔಷಧಗಳಿಗಿಂತ ದಿನಗಳ ಲೆಕ್ಕ ಹಿಡಿದು ಸಂಯಮದಿಂದಿರುವ ಕ್ರಮವೇ ಅವರಿಗೆ ಹಿತವೆನಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಡಾ. ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ವೈದ್ಯರು ಬಂದರು. ಅವರ ಸಲಹೆಯಂತೆ ಪ್ರಯೋಗ ನಡೆದ ಸ್ಥಳಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೊನಿ. ಇನ್ನೊಂದು ನಮ್ಮ ರಾಮನಗರ.

ಓದುಬರಹ ಬಾರದ ಹೆಂಗಸರು ದಿನದ ಲೆಕ್ಕ ಇಡುವುದು ಹೇಗೆ? ಅದಕ್ಕಾಗಿ ಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲದ ದಿನ, ಕೆಂಪು ಮಣಿ ಬಂದರೆ ದೂರವಿರಬೇಕಾದ ದಿನ. ಸರವನ್ನು ಕೊರಳಿಗೆ ಹಾಕಿಕೊಂಡರೆ ಊರಿಗೆಲ್ಲ ತನ್ನ ತಿಂಗಳ ಲೆಕ್ಕ ತಿಳಿಯುವುದಲ್ಲಾ ಎಂಬ ನಾಚಿಕೆ ಕೆಲವರಿಗೆ. ಸರ ಹಾಕಿಕೊಂಡರೇ ಸಾಕು, ಮಗುವಾಗದು ಎಂಬ ನಂಬಿಕೆ ಇನ್ನು ಕೆಲವರಿಗೆ. ಹೀಗೆಲ್ಲ ಹೇಳಿ ಆ ಪ್ರಯೋಗವನ್ನು ನಗೆಯ ವಸ್ತುವಾಗಿ ವರ್ಣಿಸುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಮಣಿ ಯಾವ ಬಣ್ಣದ್ದೇ ಆಗಲಿ, ದೂರವಿರಬೇಕಾದವನು ಗಂಡ. ಸರ ಬಿದ್ದದ್ದು ಹೆಂಡತಿಯ ಕೊರಳಿಗೆ.

ಸುಮಾರು ಅದೇ ಕಾಲಕ್ಕೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ಕೂಡಿ ಮೈಸೂರು ರಾಜ್ಯದ ಜನಸಂಖ್ಯೆಯ ಬಗ್ಗೆ ಒಂದು ದೊಡ್ಡ ಸಮೀಕ್ಷೆ ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಹಳ್ಳಿಯ ದಂಪತಿಗಳಲ್ಲಿ ಅನೇಕರಿಗೆ ಮಕ್ಕಳ ಸಂಖ್ಯೆಗೆ ಮಿತಿಯಿರಲಿ ಎಂಬ ಆಸೆಯಿತ್ತು, ಆದರೆ ಅದು ಹೇಗೆಂಬ ತಿಳಿವಳಿಕೆಯಿರಲಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಎಂದರೆ ಕೊರತೆಯಿದ್ದದ್ದು ಇಚ್ಛೆಗಲ್ಲ, ಶಿಕ್ಷಣಕ್ಕೆ.

ಆ ಶಿಕ್ಷಣ ಬಂತೆ? ಬಂದದ್ದು ಗುರಿ, ಅಂಕಿ, ಘೋಷಣೆ. 1965ರಲ್ಲಿ 'ಲೂಪ್' ಬಂತು. ನಮ್ಮ ಕಡೆ ಅದನ್ನು 'ವಂಕಿ' ಎಂದರು. ಮೊದಲು ಲಕ್ಷಗಟ್ಟಲೆ ಹೆಂಗಸರಿಗೆ ಹಾಕಿದರು. ಸ್ರಾವ, ನೋವು ಎಂದು ಬಂದವರನ್ನು ಸರಿಯಾಗಿ ವಿಚಾರಿಸುವ ವ್ಯವಸ್ಥೆ ಇರಲಿಲ್ಲ. ಉತ್ತರ ಸಿಗದ ಕಡೆ ಗಾಳಿಸುದ್ದಿ ಬೆಳೆಯುತ್ತದೆ. 'ವಂಕಿ ಹಾಕಿಸಿಕೊಂಡರೆ ಒಳಗೆ ಹುಣ್ಣಾಗಿ ಕ್ಯಾನ್ಸರ್ ಆಗುತ್ತದೆ' ಎಂಬ ಮಾತನ್ನು ನಾನು ಚಿಕ್ಕವನಿದ್ದಾಗಲೇ ಕೆರೆಯ ಏರಿಯ ಮೇಲೆ ಕೇಳಿದ್ದೆ. 1968ರಲ್ಲಿ ಮೂರಕ್ಕೆ 15 ಪೈಸೆಯಂತೆ ನಿರೋಧ್ ಅಂಗಡಿಗೆ ಬಂತು. ಕೆಂಪು ತ್ರಿಕೋನ ಗೋಡೆಗೋಡೆಯ ಮೇಲೆ ಮೂಡಿತು. 'ನಾವಿಬ್ಬರು ನಮಗಿಬ್ಬರು', 'ಆರತಿಗೊಬ್ಬಳು ಕೀರ್ತಿಗೊಬ್ಬ' ಎಂಬ ಮಾತುಗಳು ಬಾಯಿಪಾಠವಾದವು.

ಆಮೇಲೆ ತುರ್ತುಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರದು. ಬಲವಂತದ ಆ ಕಥೆಗಳನ್ನು ನಿಮ್ಮ ಹಿರಿಯರಿಂದ ಕೇಳಿರುತ್ತೀರಿ. ಆ ಭಯದ ಫಲವಾಗಿ ಗಂಡಸು ಈ ವಿಷಯದಿಂದ ಶಾಶ್ವತವಾಗಿ ಹೊರಗೆ ಹೋದ. 1977ರಲ್ಲಿ 'ಕುಟುಂಬ ಯೋಜನೆ' ಎಂಬ ಹೆಸರು 'ಕುಟುಂಬ ಕಲ್ಯಾಣ'ವಾಯಿತು. ಭಾರ ಮಾತ್ರ ಪೂರ್ತಿಯಾಗಿ ಹೆಂಗಸಿನ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 57ರಷ್ಟು ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಒಬ್ಬರೂ ಇಲ್ಲ.

ಈಗ ನಾನು ಮುಂದೆ ಹೇಳುತ್ತೇನೆಂದ ಕಾರಣಕ್ಕೆ ಬರುತ್ತೇನೆ.

1984ರಲ್ಲಿ ನಾನು ಬಿ.ಎಡ್. ಮುಗಿಸಿ ನೌಕರಿಗೆ ಸೇರಿದೆ. ಆಗ ಬಲವಂತ ಹೋಗಿದ್ದರೂ ಗುರಿ ಹೋಗಿರಲಿಲ್ಲ. ಶಿಕ್ಷಕರು, ಗ್ರಾಮಸೇವಕರು, ಇತರ ನೌಕರರೆಲ್ಲ 'ಕೇಸು' ತರಬೇಕೆಂಬ ಒತ್ತಡ ಇತ್ತು. ಒಬ್ಬರನ್ನು ಒಪ್ಪಿಸಿ ಕರೆತಂದರೆ ಒಂದು ಕೇಸು. ಹೊಸ ಮೇಷ್ಟರಾದ ನನಗೆ ಊರಿನಲ್ಲಿ ಯಾರನ್ನು ಕೇಳಲೂ ಬಾಯಿ ಬರಲಿಲ್ಲ. ತುರುವೇಕೆರೆ ಕಡೆಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಮೂರು ಮಕ್ಕಳಾಗಿದ್ದವು. 1985ರಲ್ಲಿ ನಾನೇ ಹೋಗಿ ಅಕ್ಕನನ್ನು ಒಪ್ಪಿಸಿದೆ. "ಬಾವ ಮಾಡಿಸಿಕೊಳ್ಳಬಹುದಲ್ಲ, ಅದು ಇನ್ನೂ ಸುಲಭವಂತೆ" ಎಂದು ಅಕ್ಕ ಒಮ್ಮೆ ಅಂದಳು. ಮರ ಹತ್ತುವ ಗಂಡಸಿಗೆ ಶಕ್ತಿ ಕುಂದುತ್ತದೆ ಎಂದು ಮನೆಯ ಹಿರಿಯರು ಆ ಮಾತನ್ನು ತಳ್ಳಿಹಾಕಿದರು. ಅದು ತಪ್ಪೆಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಶಿಬಿರದಲ್ಲಿ ಅಕ್ಕನ ಆಪರೇಷನ್ ಆಯಿತು, ತೊಂದರೆಯೇನೂ ಆಗಲಿಲ್ಲ. ಪ್ರೇರಕನೆಂದು ನನ್ನ ಹೆಸರಿಗೆ ಬಂದ ಸಣ್ಣ ಹಣವನ್ನು ಅಕ್ಕನ ಕೈಗೇ ಕೊಟ್ಟೆ. ಕೇಸಿನ ಲೆಕ್ಕ ಮಾತ್ರ ನನ್ನ ಹೆಸರಿನಲ್ಲಿ ಉಳಿಯಿತು.

ಹದಿನಾರು ವರ್ಷಗಳ ನಂತರ, 2001ರಲ್ಲಿ, ಅಕ್ಕನಿಗೆ ಬಿಳಿ ಸೆರಗಿನ ತೊಂದರೆ ಶುರುವಾಯಿತು. ಮುಟ್ಟಿನ ದಿನಗಳಲ್ಲದ ದಿನಗಳಲ್ಲೂ ರಕ್ತ ಕಾಣಿಸುತ್ತಿತ್ತು. ಆಪರೇಷನ್ ಆದ ಮೇಲೆ ಅವಳಿಗೆ ಆಸ್ಪತ್ರೆಯ ಕೆಲಸವೇ ಇರಲಿಲ್ಲ. ಹೆರಿಗೆ ಮುಗಿದ ಹೆಂಗಸನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ವಯಸ್ಸಿನ ತೊಂದರೆಯೆಂದು ಒಂದೂವರೆ ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಒಂದು ಹಬ್ಬದ ದಿನ ನನ್ನ ಶ್ರೀಮತಿಯ ಬಳಿ ಅತ್ತಳು. ಬೆಂಗಳೂರಿಗೆ ಕರೆದೊಯ್ದಾಗ ಗರ್ಭಕೊರಳಿನ ಕ್ಯಾನ್ಸರ್ ಅಕ್ಕಪಕ್ಕದ ಭಾಗಗಳಿಗೆ ಹರಡಿತ್ತು. 2003ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಅಕ್ಕ ತೀರಿಕೊಂಡಳು.

ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಯಾರೋ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಆಪರೇಷನ್ ಮಾಡಿಸಿದ್ದೇ ಮುಳುವಾಯಿತು." ಮಾಡಿಸಿದವನು ನಾನು. ಇಪ್ಪತ್ತು ವರ್ಷ ಈ ಮಾತನ್ನು ಯಾರ ಬಳಿಯೂ ಆಡದೆ ಇಟ್ಟುಕೊಂಡಿದ್ದೆ. ವಿದ್ಯಾರ್ಥಿನಿಯ ಪ್ರಶ್ನೆ ಬಂದ ಮೇಲೆಯೇ, ಸಂಬಂಧಿಕರಾದ ಒಬ್ಬ ವೈದ್ಯೆಯ ನೆರವಿನಿಂದ, ಕುಳಿತು ಓದಿದೆ. ಓದಿ ತಿಳಿದದ್ದನ್ನು ನಿಮಗೆ ಹೇಳುವುದೇ ಈ ಬರಹದ ಉದ್ದೇಶ. ನಾನು ವೈದ್ಯನಲ್ಲ. ನಿಮ್ಮ ದೇಹಕ್ಕೆ ಹೊಂದುವ ಸಲಹೆಯನ್ನು ವೈದ್ಯರಿಂದಲೇ ಪಡೆಯಬೇಕು.

ಗರ್ಭಕೊರಳಿನ ಕ್ಯಾನ್ಸರಿಗೆ ಮೂಲ ಒಂದು ವೈರಸ್; ಹೆಸರು ಎಚ್.ಪಿ.ವಿ. ಇದನ್ನು ತೋರಿಸಿಕೊಟ್ಟವರು ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಸುರ್ ಹೌಸೆನ್. 1983 ಮತ್ತು 1984ರಲ್ಲಿ ಈ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಅವರ ತಂಡ ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವೈರಸ್ ದಂಪತಿಗಳ ದೈಹಿಕ ಸಂಪರ್ಕದಿಂದ ಹರಡುತ್ತದೆ. ಬಾಳಿನ ಯಾವುದೋ ಘಟ್ಟದಲ್ಲಿ ಬಹುಪಾಲು ಸ್ತ್ರೀಪುರುಷರಿಗೆ ಇದು ತಗುಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಗಂಡಸಿನ ದೇಹದಲ್ಲಿ ಯಾವ ಗುರುತೂ ಇಲ್ಲದೆ ಇರಬಲ್ಲದು. ಆದ್ದರಿಂದ ಇದು ಯಾರ ನಡತೆಗೂ ಕೊಟ್ಟ ಪ್ರಮಾಣಪತ್ರವಲ್ಲ. ಗಂಡ ಹೆಂಡತಿಯನ್ನೋ ಹೆಂಡತಿ ಗಂಡನನ್ನೋ ಸಂಶಯಿಸಲು ಕಾರಣವೂ ಅಲ್ಲ.

ಕೆಲವರಲ್ಲಿ ಮಾತ್ರ ವೈರಸ್ ಉಳಿದು ಗರ್ಭಕೊರಳಿನ ಜೀವಕೋಶಗಳನ್ನು ಬದಲಿಸುತ್ತ ಹೋಗುತ್ತದೆ. ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಟ್ಟದ ಮೇಲಿನ ಕಾಯಿ ಒಳಗೊಳಗೇ ಕೊಬ್ಬರಿಯಾಗುವುದು ಹೊರಗೆ ನಿಂತವನಿಗೆ ಕಾಣದು; ಕೈಗೆ ತೆಗೆದುಕೊಂಡು ಅಲುಗಿಸಿ ನೋಡಿದವನಿಗೆ ತಿಳಿಯುತ್ತದೆ. ಇದೂ ಹಾಗೆಯೇ. ನೋಡಿದರೆ ತಿಳಿಯುತ್ತದೆ, ನೋಡಲು ವರ್ಷಗಟ್ಟಲೆ ಕಾಲಾವಕಾಶವೂ ಇದೆ.

ಇನ್ನು ಮಾತ್ರೆಯ ಪ್ರಶ್ನೆ. ಮೊಬೈಲಿನಲ್ಲಿ ಬಂದ ಸುದ್ದಿ ಪೂರ್ತಿ ಸುಳ್ಳಲ್ಲ; ಅದೇ ಕಷ್ಟ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಮಾತ್ರೆಗಳಿಗೂ ಗರ್ಭಕೊರಳಿನ ಕ್ಯಾನ್ಸರಿಗೂ ನಂಟಿದೆಯೆಂದು ಹೇಳಿತು. 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 24 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಬಂತು. ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮಾತ್ರೆ ಬಳಸುತ್ತಿರುವವರಲ್ಲಿ ಅಪಾಯ, ಎಂದೂ ಬಳಸದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. 'ಎರಡು ಪಟ್ಟು' ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ನೋಡಿ. ನಮ್ಮಂಥ ದೇಶಗಳಲ್ಲಿ ಇಪ್ಪತ್ತರಿಂದ ಮೂವತ್ತನೆಯ ವಯಸ್ಸಿನವರೆಗೆ ಹತ್ತು ವರ್ಷ ಮಾತ್ರೆ ನುಂಗಿದರೆ, ಐವತ್ತು ವರ್ಷ ತುಂಬುವುದರೊಳಗೆ ಈ ಕ್ಯಾನ್ಸರ್ ಬರುವವರ ಸಂಖ್ಯೆ ಸಾವಿರಕ್ಕೆ 7.3ರಿಂದ 8.3ಕ್ಕೆ ಏರುತ್ತದೆ. ಎಂದರೆ ಸಾವಿರ ಹೆಂಗಸರಲ್ಲಿ ಒಬ್ಬರು ಹೆಚ್ಚು. ಮಾತ್ರೆ ಬಿಟ್ಟ ಮೇಲೆ ಅಪಾಯ ಇಳಿಯುತ್ತ ಹತ್ತು ವರ್ಷದ ಹೊತ್ತಿಗೆ ಬಳಸದವರ ಮಟ್ಟಕ್ಕೇ ಬರುತ್ತದೆ. ಅದೇ ಮಾತ್ರೆ ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರುಗಳನ್ನು ಕಡಿಮೆ ಮಾಡುತ್ತದೆ ಎಂಬುದೂ ಅಷ್ಟೇ ನಿಜ. ಸುದ್ದಿ ಕಳಿಸಿದವರು ಈ ಅರ್ಧವನ್ನು ಕಳಿಸಿರಲಿಲ್ಲ.

ಕೆರೆಯ ಏರಿಯ ಮೇಲೆ ಕೇಳಿದ ವಂಕಿಯ ಮಾತು? 2011ರಲ್ಲಿ 26 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ವಂಕಿ ಬಳಸಿದವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸುಮಾರು ಅರ್ಧದಷ್ಟು ಕಡಿಮೆ ಕಂಡಿತು. ಐವತ್ತು ವರ್ಷ ನಮ್ಮ ಹಳ್ಳಿಗಳು ನಂಬಿದ್ದಕ್ಕೆ ಇದು ತೀರ ವಿರುದ್ಧ. ನಿರೋಧ್ ವೈರಸ್ಸನ್ನು ಪೂರ್ತಿ ತಡೆಯದಿದ್ದರೂ ತಕ್ಕಮಟ್ಟಿಗೆ ತಡೆಯುತ್ತದೆ. ಹೆಚ್ಚು ಹೆರಿಗೆಗಳಾದವರಲ್ಲಿ ಈ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದನ್ನೂ ಮರೆಯಬಾರದು. ಹೆದರಿ ಮಾತ್ರೆ ಬಿಟ್ಟು ಬೇಡದ ಬಸಿರು ಹೊತ್ತರೆ ಅದರಿಂದ ಕ್ಷೇಮವೇನೂ ಆಗದು.

ಆಪರೇಷನ್? ಅದರಲ್ಲಿ ಕಟ್ಟುವುದು ಗರ್ಭನಾಳವನ್ನು. ಗರ್ಭಕೊರಳನ್ನು ಮುಟ್ಟುವುದೂ ಇಲ್ಲ. ಅದರಿಂದ ಈ ಕ್ಯಾನ್ಸರ್ ಬರುವುದಿಲ್ಲ. ಆದರೆ ವೈರಸ್ಸಿನಿಂದ ರಕ್ಷಣೆಯೂ ಇಲ್ಲ.

ಆ ಸಾಲನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಿದ್ದೆ. ಅಕ್ಕನ ಸಾವಿಗೆ ಆಪರೇಷನ್ ಕಾರಣವಲ್ಲ. ಒಂದು ಭಾರ ಇಳಿಯಿತು. ಆದರೆ ಇನ್ನೊಂದು ಏರಿತು. ಒಂದು ಕೇಸಿಗಾಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದವನು, "ಅಕ್ಕಾ, ಮಕ್ಕಳಾಗುವುದು ನಿಂತಿತೆಂದು ಆಸ್ಪತ್ರೆಯನ್ನು ಮರೆಯಬೇಡ, ಆಗಾಗ ಪರೀಕ್ಷೆ ಮಾಡಿಸಿಕೋ" ಎಂಬ ಒಂದು ಮಾತು ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ, ನಿಜ. ಆದರೆ ಆ ತಿಳಿವಳಿಕೆ ಲೋಕದಲ್ಲಿ ಆಗಲೇ ಇತ್ತು. ಗ್ರೀಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಪಾಪನಿಕೊಲಾವ್ ಎಂಬ ವೈದ್ಯರು, ಗರ್ಭಕೊರಳಿನಿಂದ ತೆಗೆದ ಒಂದು ಸವರಿನಲ್ಲೇ ರೋಗದ ಮುನ್ಸೂಚನೆ ಕಾಣಬಹುದೆಂದು 1943ರಲ್ಲೇ ಪುಸ್ತಕ ಬರೆದಿದ್ದರು. 'ಪ್ಯಾಪ್' ಪರೀಕ್ಷೆಗೆ ಅವರದೇ ಹೆಸರು. 1982ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾದಾಗ, ಹೆಂಗಸರ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಇದರದೇ ಆಗಿತ್ತು. ಅಕ್ಕನ ಶಿಬಿರಕ್ಕೆ ಮೂರು ವರ್ಷ ಮೊದಲೇ! ಒಂದು ಇಲಾಖೆಗೆ ಆಪರೇಷನ್ನಿನ ಅಂಕಿ ಬೇಕಿತ್ತು. ಆಪರೇಷನ್ ಆದ ಹೆಂಗಸು ಮುಂದೆ ಬದುಕಬೇಕಾದ ಮೂವತ್ತು ನಲವತ್ತು ವರ್ಷ ಯಾರ ಲೆಕ್ಕಕ್ಕೂ ಬರಲಿಲ್ಲ.

ಪರೀಕ್ಷೆಗೆ ದೊಡ್ಡ ಯಂತ್ರವೂ ಬೇಡ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಒಂದು ಅಧ್ಯಯನ ನಡೆಸಿದರು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ತಿಳಿಯಾದ ವಿನೆಗರ್ ಹಚ್ಚಿ ಒಂದು ನಿಮಿಷ ಕಾದು ನೋಡುವುದು. ಕೆಟ್ಟ ಜೀವಕೋಶಗಳಿದ್ದ ಜಾಗ ಬೆಳ್ಳಗಾಗುತ್ತದೆ. ಅಷ್ಟರಿಂದಲೇ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತೆಂದು 2013ರಲ್ಲಿ ತಿಳಿಸಿದರು. 2016ರ ರಾಷ್ಟ್ರೀಯ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸರ್ಕಾರಿ ಕೇಂದ್ರಗಳಲ್ಲೇ ಈ ಪರೀಕ್ಷೆ ಆಗಬೇಕು. ಆದರೆ 2019-21ರ ಸಮೀಕ್ಷೆಯಲ್ಲಿ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರ ಪೈಕಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಪ್ರತಿವರ್ಷ ಸುಮಾರು 75 ಸಾವಿರ ಹೆಂಗಸರನ್ನು ಈ ಕಾಯಿಲೆ ನಮ್ಮ ದೇಶದಲ್ಲಿ ಒಯ್ಯುತ್ತಿದೆ.

ಲಸಿಕೆಯ ಕಥೆಯಲ್ಲೂ ನಮ್ಮ ಮೇಷ್ಟರ ಜಾತಿಗೆ ಒಂದು ಪಾಠವಿದೆ. 2009ರಲ್ಲಿ ಆಂಧ್ರದ ಖಮ್ಮಂ (ಈಗ ತೆಲಂಗಾಣ) ಮತ್ತು ಗುಜರಾತಿನ ವಡೋದರಾದಲ್ಲಿ ಶಾಲಾ ಬಾಲಕಿಯರಿಗೆ ಎಚ್.ಪಿ.ವಿ. ಲಸಿಕೆ ಹಾಕಿದಾಗ, ಅನೇಕ ಕಡೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವರು ಹಾಸ್ಟೆಲ್ ವಾರ್ಡನ್ನರು, ಮುಖ್ಯೋಪಾಧ್ಯಾಯರು. ತಂದೆತಾಯಿಗಳಿಗೆ ತಿಳಿಸಿರಲಿಲ್ಲ. ಗದ್ದಲವೆದ್ದು 2010ರಲ್ಲಿ ಕಾರ್ಯಕ್ರಮ ನಿಂತಿತು. ಕೆಲವು ಬಾಲಕಿಯರ ಸಾವಿಗೆ ಲಸಿಕೆ ಕಾರಣವಲ್ಲವೆಂದು ತನಿಖೆಯಲ್ಲಿ ತಿಳಿದರೂ, ಹುಟ್ಟಿದ ಅಪನಂಬಿಕೆ ಹೋಗಲು ವರ್ಷಗಳೇ ಹಿಡಿದವು. ಅದೇ ಗದ್ದಲದಿಂದ ದೇಶದ ಬೇರೆಡೆ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತು, ಸಾವಿರಾರು ಬಾಲಕಿಯರಿಗೆ ಒಂದೇ ಡೋಸು ಸಿಕ್ಕಿತು. ಅವರನ್ನು ಹತ್ತು ವರ್ಷ ಗಮನಿಸಿದಾಗ ಒಂದು ಡೋಸೂ ಚೆನ್ನಾಗಿ ರಕ್ಷಿಸುತ್ತದೆಂದು ತಿಳಿಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸು ಸಾಕಾಗಬಹುದೆಂದು ಹೇಳಿದ್ದಕ್ಕೆ ಈ ಅಧ್ಯಯನವೂ ಒಂದು ಆಧಾರ. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ 'ಸರ್ವಾವ್ಯಾಕ್' ಲಸಿಕೆಗೆ ನಮ್ಮಲ್ಲಿ ಅನುಮತಿಯೂ ಸಿಕ್ಕಿತು. ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಫಲಕಾರಿ. ಮೊಮ್ಮಕ್ಕಳಿರುವವರು ವೈದ್ಯರನ್ನು ವಿಚಾರಿಸಿ.

ಇಷ್ಟೆಲ್ಲ ಓದಿಕೊಂಡ ಮೇಲೆ ಆ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. "ನಿನ್ನ ಯಜಮಾನರು ಹತ್ತಿರವಿದ್ದಾರೇನಮ್ಮ? ಇದ್ದರೆ ಸ್ಪೀಕರ್ ಹಾಕು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೇಳಿ ಸಾರ್" ಎಂಬ ಗಂಡುದನಿ ಕೇಳಿತು. ಮಗಳು ತಾನಾಗಿ ಮಾತ್ರೆ ನಿಲ್ಲಿಸಬಾರದು. ಅಳಿಯನೊಡನೆ ವೈದ್ಯರ ಬಳಿ ಹೋಗಿ, ಮುಂದುವರಿಸುವುದೋ ಬೇರೆ ವಿಧಾನಕ್ಕೆ ಬದಲಿಸುವುದೋ ಇಬ್ಬರೂ ಕೂಡಿ ನಿರ್ಧರಿಸಲಿ. ಮೂವತ್ತು ತುಂಬಿದ ಮೇಲೆ ಪರೀಕ್ಷೆ ತಪ್ಪಿಸಕೂಡದು ಎಂದೆ. ಆಮೇಲೆ ಕೇಳಿದೆ: "ನೀನು ಪರೀಕ್ಷೆ ಮಾಡಿಸಿಕೊಂಡಿದ್ದೀಯೇನಮ್ಮ?"

"ನನಗ್ಯಾಕೆ ಸಾರ್, ನನಗೆ ಆಪರೇಷನ್ ಆಗಿ ಇಪ್ಪತ್ತು ವರ್ಷವಾಯ್ತಲ್ಲ" ಎಂದಳು.

ಅಕ್ಕನೂ ಹೀಗೆಯೇ ಹೇಳುತ್ತಿದ್ದಳು. ನಾನು ಅಕ್ಕನ ಕಥೆಯನ್ನು ಮೊದಲ ಬಾರಿಗೆ ಆ ದಂಪತಿಗಳಿಗೆ ಹೇಳಿದೆ. ಹದಿನೈದು ದಿನದ ನಂತರ ಫೋನ್ ಬಂತು. ಈ ಸಲ ಮಾಡಿದವನು ಗಂಡ. "ಸಾರ್, ಬುಧವಾರ ನಾನೇ ಕರ್ಕೊಂಡು ಹೋಗಿದ್ದೆ. ಏನೂ ತೊಂದರೆ ಇಲ್ವಂತೆ. ಐದು ವರ್ಷ ಬಿಟ್ಟು ಬನ್ನಿ ಅಂದ್ರು" ಎಂದ.

1930ರಲ್ಲಿ ಜಗತ್ತಿಗೇ ಮೊದಲಾಗಿ ಬಾಗಿಲು ತೆರೆದ ಸೀಮೆ ನಮ್ಮದು. ಆ ಬಾಗಿಲಿನಿಂದ ಹೆಂಗಸು ಒಬ್ಬಳೇ ಒಳಗೆ ಹೋಗಿ, ಒಂದೇ ಸಲ ಹೋಗಿ, ಹಿಂತಿರುಗಿ ಬರುವಂತಾದದ್ದು ನಮ್ಮ ತಪ್ಪು. ಸಂಗಾತಿಯಾಗಿ ಗಂಡನೂ ಹೋಗಬೇಕು; ಮಕ್ಕಳ ಪ್ರಶ್ನೆ ಮುಗಿದ ಮೇಲೂ ಹೋಗಬೇಕು. ಮುಟ್ಟಿನ ದಿನವಲ್ಲದ ದಿನ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಕಂಡರೆ, ಗಂಡಹೆಂಡಿರು ಕೂಡಿದ ಮೇಲೆ ಕಂಡರೆ, ವಾಸನೆಯ ಬಿಳಿ ಸೆರಗಿದ್ದರೆ ಮುಂದಿನ ಹಬ್ಬದವರೆಗೆ ಕಾಯಬೇಡಿ.

ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗರೇ, ನೀವೀಗ ಗಂಡಂದಿರು, ಅಪ್ಪಂದಿರು, ಕೆಲವರು ತಾತಂದಿರು. ಅಂದು ನಾನು ಮಗುಚಿದ ಪುಟ ಇದು. ತಡವಾಗಿ ಓದಿದ್ದೇನೆ. ದಯವಿಟ್ಟು ಇದನ್ನು ಮನೆಯಲ್ಲಿ ಓದಿ ಹೇಳಿ. ಹೆಂಡತಿಯೊಬ್ಬಳೇ ಓದಿಕೊಳ್ಳಲೆಂದು ಬಿಡಬೇಡಿ.